ಎಷ್ಟೊತ್ತು ಕುಂದರ್ತೈತ್ರಿ ಸರ್?

ಮಂಗಳವಾರ ಮೂರನೇ ಪಿರಿಯಡ್ಡಿನಲ್ಲಿ ಬಂದ ಪ್ರಶ್ನೆ ಇದು. ಕೇಳಿದವಳು ಅಮ್ಮಿನಬಾವಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಗೋಡೆ ಬದಿಯ ಬೆಂಚು. ‘ಪ್ರೆಸೆಂಟ್ ಸರ್’ ಬಿಟ್ಟರೆ ಇಡೀ ವರ್ಷದಲ್ಲಿ ಅವಳ ಬಾಯಿಂದ ಬೇರೆ ಮಾತು ಕೇಳಿದ ನೆನಪಿಲ್ಲ.

ಪಾಠ ಹಾರ್ಮೋನಿನದು. ಫಸ್ಟ್ ಪಿಯುಸಿ ಬಯಾಲಜಿ ಪುಸ್ತಕದ ಕೊನೆಯ ಅಧ್ಯಾಯ. ಅಲ್ಲಿಗೆ ಬರುವಷ್ಟರಲ್ಲಿ ಜನವರಿ ಮುಗಿಯುತ್ತಿರುತ್ತದೆ, ಪರೀಕ್ಷೆ ಹತ್ತಿರ ಬಂದಿರುತ್ತದೆ, ಹಾಗಾಗಿ ಎಲ್ಲರೂ ಓಡಿಸುವ ಪಾಠ. ನಾನೂ ಓಡಿಸುತ್ತೇನೆ, ಸುಳ್ಳು ಯಾಕೆ ಹೇಳಲಿ. ಬೋರ್ಡಿನ ಮೇಲೆ ಒಂದು ದೊಡ್ಡ ಸುತ್ತು, ಅದು ಜೀವಕೋಶ. ಒಳಗೊಂದು ಸಣ್ಣ ಸುತ್ತು, ಅದು ಕೋಶಕೇಂದ್ರ. ಹೊರಗಿಂದ ಬಾಣ ಎಳೆದು ಹಾರ್ಮೋನನ್ನು ಒಳಗೆ ತರುವುದು, ಅದನ್ನು ಹಿಡಿಯಲೆಂದೇ ಇರುವ ಪ್ರೋಟೀನು, ಅಂದರೆ ರಿಸೆಪ್ಟರ್ ಜೊತೆ ಸೇರಿಸುವುದು, ಜೋಡಿಯನ್ನು ಒಯ್ದು ಡಿಎನ್ಎ ಮೇಲೆ ಕೂರಿಸುವುದು. ‘ಇಲ್ಲಿ ಬಂದು ಕುಂದರ್ತದ, ಜೀನ್ ಚಾಲೂ ಆಗ್ತದ.’ ಹದಿನಾಲ್ಕು ವರ್ಷದಿಂದ ಇದೇ ಬಾಣ, ಇದೇ ಮಾತು.

“ಎಷ್ಟೊತ್ತು ಕುಂದರ್ತೈತ್ರಿ ಸರ್?”

“ಹಾರ್ಮೋನ್ ಇರೋತನಕ ಕುಂತಿರ್ತದವಾ” ಅಂದೆ. ಒಂಚೂರೂ ತಡವರಿಸಲಿಲ್ಲ. ಈಗ ನಾಚಿಕೆಯಾಗುವುದು ಅದಕ್ಕೇ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಾನು ಎಳೆದ ಬಾಣವನ್ನೇ ನೋಡುತ್ತಾ ಕೂತಳು. ಗಂಟೆ ಹೊಡೆಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗೆ ಬಂದರೆ ಅವ್ವನದು ಬೇರೆ ದೂರು. ಅವಳಿಗೆ ಸಂಧಿವಾತ, ಬೆರಳು ಮಡಚಲು ಬರುವುದಿಲ್ಲ. ಡಾಕ್ಟರು ಈ ವಾರದಿಂದ ಪ್ರೆಡ್ನಿಸೋಲೋನ್ ಬರೆದಿದ್ದಾರೆ. “ಮುಂಜಾನೆ ಗುಳಗಿ ನುಂಗಿ ತಾಸಾತು, ಎರಡು ತಾಸಾತು, ಬೆರಳು ಹಂಗ ಅದಾವು. ಎಲ್ಲಿ ಹೋಗಿ ಕುಂತೈತೋ ಏನೋ ನಿನ್ನ ಗುಳಗಿ” ಅಂದಳು.

ಒಂದೇ ದಿನದಲ್ಲಿ ಎರಡನೇ ಸಲ ‘ಕೂರುವ’ ಮಾತು. ಆ ಗುಳಿಗೆಯೂ ನಾನು ಬೋರ್ಡಿನ ಮೇಲೆ ಎಳೆದ ಬಾಣವೇ. ನಮ್ಮ ಮೈಯಲ್ಲೇ ಹುಟ್ಟುವ ಕಾರ್ಟಿಸೋಲ್ ಹಾರ್ಮೋನಿನ ತಮ್ಮನಂಥದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನುವ ಡಾಕ್ಟರು ಇದೇ ಜಾತಿಯ ಕಾರ್ಟಿಸೋನನ್ನು ಸಂಧಿವಾತದಿಂದ ಓಡಾಡಲಾಗದೆ ಇದ್ದ ಒಬ್ಬ ಹೆಂಗಸಿಗೆ ಚುಚ್ಚಿದರು, ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಕೆಲವೇ ದಿನ, ಅಂದರೂ ದಿನ. ತಾಸಿನಲ್ಲಿ ಅಲ್ಲ. ಗುಳಿಗೆ ಸೀದಾ ನೋವನ್ನು ಹಿಡಿದು ಹೊರಗೆ ಹಾಕುವುದಿಲ್ಲ. ಅದು ಜೀವಕೋಶದೊಳಗೆ ಹೋಗಿ, ಅಲ್ಲಿ ಕಾವಲು ಪ್ರೋಟೀನುಗಳ ಜೊತೆ ಕಾದುಕೊಂಡಿರುವ ರಿಸೆಪ್ಟರನ್ನು ಹಿಡಿಯಬೇಕು. ಆ ರಿಸೆಪ್ಟರ್ ಕೋಶಕೇಂದ್ರಕ್ಕೆ ಹೋಗಬೇಕು, ಅದಕ್ಕೆ ಬೇಕಾಗುವುದು ಕಾಲು ತಾಸು, ಅರ್ಧ ತಾಸು, ಅಷ್ಟೇ. ಆಮೇಲೆ ಊತ ತರುವ ಜೀನುಗಳ ಬಾಯಿ ಮುಚ್ಚಿಸಬೇಕು, ಊತ ಇಳಿಸುವ ಜೀನುಗಳನ್ನು ಓದಿಸಬೇಕು, ಓದಿದ್ದರಿಂದ ಹೊಸ ಪ್ರೋಟೀನು ತಯಾರಾಗಬೇಕು. ಹೊತ್ತು ಹಿಡಿಯುವುದು ಇಲ್ಲಿ. ಇದನ್ನೆಲ್ಲ ಅವ್ವನಿಗೆ ಹೇಳಿದೆ. “ಅಂದ್ರ ನಾಳಿಗೆ ಕಮ್ಮಿ ಆಗ್ತೈತೇನು?” ಅಂದಳು. ನನ್ನ ಪಾಠ ಕೇಳಿದ ಎಲ್ಲರೂ ಕೊನೆಗೆ ಕೇಳುವುದು ಇದನ್ನೇ.

ರಾತ್ರಿ ಊಟ ಆದಮೇಲೆ ಓದಲು ಕೂತೆ. ಎಷ್ಟೊತ್ತು ಕೂರುತ್ತದೆ?

ಓದುತ್ತಾ ಹೋದಂತೆ ಚಳಿಯಲ್ಲೂ ಬೆವರು ಬಂತು. ನಾನು ಕಾಲೇಜಿಗೆ ಸೇರುವ ಎಷ್ಟೋ ವರ್ಷ ಮೊದಲೇ, 2000ದಲ್ಲೇ, ಇದಕ್ಕೆ ಉತ್ತರ ಸಿಕ್ಕಿತ್ತು. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಗಾರ್ಡನ್ ಹೇಗರ್, ಜೇಮ್ಸ್ ಮ್ಯಾಕ್‌ನ್ಯಾಲಿ ಮತ್ತು ಜೊತೆಗಾರರು ಮಾಡಿದ ಪ್ರಯೋಗ. ಇಲಿಯ ಜೀವಕೋಶವೊಂದರಲ್ಲಿ ಈ ರಿಸೆಪ್ಟರ್ ಬಂದು ಹಿಡಿಯುವ ಡಿಎನ್ಎ ತುಂಡಿನ ಸುಮಾರು 200 ಪ್ರತಿಗಳು ಒಂದರ ಹಿಂದೊಂದು ಸಾಲಾಗಿ ಇದ್ದವು. ರಿಸೆಪ್ಟರಿಗೆ ಜೆಲ್ಲಿ ಮೀನಿನಿಂದ ಸಿಕ್ಕ ಹಸಿರು ಹೊಳೆಯುವ ಪ್ರೋಟೀನನ್ನು ಅಂಟಿಸಿದರು. (2008ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದು ಆ ಹಸಿರು ಪ್ರೋಟೀನಿಗೇ.) ಹಾರ್ಮೋನ್ ಹಾಕಿದರೆ ಕೋಶಕೇಂದ್ರದಲ್ಲಿ ಆ ಸಾಲು ಹಸಿರು ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಗೆ ಲೇಸರ್ ಹೊಡೆದು ಹಸಿರನ್ನು ಸುಟ್ಟರು. ರಿಸೆಪ್ಟರ್ ಅಲ್ಲೇ ಇರುತ್ತದೆ, ಬಣ್ಣ ಮಾತ್ರ ಹೋಗಿರುತ್ತದೆ. ನಾನು ಹೇಳಿದಂತೆ ಅದು ‘ಹಾರ್ಮೋನ್ ಇರೋತನಕ’ ಕೂತಿದ್ದರೆ ಚುಕ್ಕೆ ಕಪ್ಪಾಗಿಯೇ ಉಳಿಯಬೇಕಿತ್ತು, ಅಲ್ವಾ?

ಕೆಲವೇ ಸೆಕೆಂಡಿನಲ್ಲಿ ಹಸಿರು ವಾಪಸ್ ಬಂತು. ಅಂದರೆ ಕೂತಿದ್ದವು ಎದ್ದು ಹೋಗಿವೆ, ಸುಡದೆ ಉಳಿದ ಬೇರೆಯವು ಬಂದು ಕೂತಿವೆ. ಆಮೇಲೆ ಒಂದೊಂದೇ ರಿಸೆಪ್ಟರಿನ ಬೆನ್ನು ಹತ್ತಿ ನೋಡುವ ವಿಧಾನಗಳೂ ಬಂದವು. ಅವು ಕೋಶಕೇಂದ್ರದಲ್ಲಿ ಅಲೆಯುತ್ತಾ ಅಲ್ಲಿ ಮುಟ್ಟುತ್ತವೆ, ಇಲ್ಲಿ ಮುಟ್ಟುತ್ತವೆ, ಬಹಳ ಕಡೆ ಒಂದು ಸೆಕೆಂಡೂ ನಿಲ್ಲುವುದಿಲ್ಲ. ಸರಿಯಾದ ಜಾಗ ಸಿಕ್ಕರೂ ಹೆಚ್ಚಿನವು ಇರುವುದು ಕೆಲವೇ ಸೆಕೆಂಡು. ಹುಡುಕಬೇಕಾದ್ದು ಎಷ್ಟರಲ್ಲಿ? ಎಳೆದು ಜೋಡಿಸಿದರೆ ಎರಡು ಮೀಟರ್ ಆಗುವ ದಾರದಲ್ಲಿ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಯಲ್ಲಿ ತುರುಕಿಟ್ಟದ್ದು.

ಕನ್ನಡದಲ್ಲಿ ರಿಸೆಪ್ಟರಿಗೆ ‘ಗ್ರಾಹಕ’ ಅಂತಾರೆ. ಪದ ನೋಡಿ ಎಷ್ಟೋ ಸಲ ನಕ್ಕಿದ್ದೇನೆ, ಬಯಾಲಜಿಯಲ್ಲಿ ಗಿರಾಕಿ ಎಲ್ಲಿಂದ ಬಂದ ಅಂತ. ಯಾವ ಗಿರಾಕಿ ಒಂದೇ ಅಂಗಡಿಯಲ್ಲಿ ದಿನವಿಡೀ ಕೂರುತ್ತಾನೆ? ದುರ್ಗದಬೈಲಿನಲ್ಲಿ ನನ್ನ ಹೆಂಡತಿ ಸೀರೆ ಹುಡುಕುವುದನ್ನು ಒಮ್ಮೆ ಜೊತೆಗೆ ನಿಂತು ನೋಡಿದ್ದರೆ ಸಾಕಿತ್ತು.

ಹಾಗಾದರೆ ‘ಕೂರುತ್ತದೆ’ ಅನ್ನುವುದು ಮೊದಲು ಎಲ್ಲಿಂದ ಬಂತು? ಅದನ್ನು ಹೇಳಿದವರು ದಡ್ಡರಲ್ಲ. ಪ್ರನಾಳದಲ್ಲಿ ಬರೀ ಡಿಎನ್ಎ ಮತ್ತು ರಿಸೆಪ್ಟರ್ ಬೆರೆಸಿದರೆ ನಿಜಕ್ಕೂ ಬಹಳ ಹೊತ್ತು ಹಿಡಿದುಕೊಂಡಿರುತ್ತದೆ. ಜೀವಕೋಶವನ್ನು ಫಾರ್ಮಲಿನ್ ಹಾಕಿ ಕೊಂದು ನೋಡಿದರೂ ಅಷ್ಟೇ, ಎಲ್ಲವೂ ಇದ್ದಲ್ಲೇ ಇರುತ್ತವೆ. ನಮ್ಮ ಲ್ಯಾಬಿನ ಬಾಟಲಿಯಲ್ಲಿ ಒಂದು ಕಪ್ಪೆ ಇದೆ, ನಾನು ಸೇರುವ ಮೊದಲಿಂದಲೂ ಒಂದೇ ಜಾಗದಲ್ಲಿ ಕೂತಿದೆ. ಅದನ್ನು ನೋಡಿ ಕಪ್ಪೆ ಹಾರುವುದಿಲ್ಲ ಅಂದ ಹಾಗೆ ನನ್ನ ಪಾಠ.

ಬುಧವಾರ ಅವ್ವನ ರಿಪೋರ್ಟು ತರಲು ಹುಬ್ಬಳ್ಳಿಗೆ ಹೋಗಬೇಕಿತ್ತು. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಹತ್ತಿದೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸು ಅದು. ಸೀಟು ಸಿಗಲಿಲ್ಲ, ಕಂಬ ಹಿಡಿದು ನಿಂತೆ. ನನ್ನೆದುರಿನ ಸೀಟಿನಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ಇದ್ದ, ಸತ್ತೂರಿನಲ್ಲಿ ಇಳಿದ. ಅವನ ಬಿಸಿ ಆರುವ ಮೊದಲೇ ಹೂವಿನ ಬುಟ್ಟಿಯ ಅಜ್ಜಿ ಕೂತಳು. ನವನಗರದಲ್ಲಿ ಅಜ್ಜಿ ಇಳಿದಳು, ಫೈಲು ಹಿಡಿದ ಒಬ್ಬ ಗುಮಾಸ್ತ ಕೂತ. ಉಣಕಲ್‌ನಲ್ಲಿ ಅವನೂ ಎದ್ದ, ಇಬ್ಬರು ಒಟ್ಟಿಗೆ ನುಗ್ಗಿದರು, ಒಬ್ಬ ಗೆದ್ದ. ನಾನಲ್ಲ. ಹೊಸೂರಿನ ತನಕ ಆ ಸೀಟು ಖಾಲಿ ಇದ್ದದ್ದು ಒಟ್ಟು ಹತ್ತು ಸೆಕೆಂಡೂ ಇರಲಿಕ್ಕಿಲ್ಲ. ಹಾಗಂತ ಒಬ್ಬರೂ ಪೂರ್ತಿ ದಾರಿ ಕೂತಿರಲಿಲ್ಲ.

ನಾನು ಹದಿನಾಲ್ಕು ವರ್ಷ ಕಲಿಸಿದ್ದು ಹಾವೇರಿ ಕೆಂಪು ಬಸ್ಸು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದರೆ ಊರು ಬರುವ ತನಕ ಏಳುವ ಮಾತಿಲ್ಲ.

ಇನ್ನೊಂದು ವಿಷಯ ಕೊರೆಯುತ್ತಲೇ ಇದೆ. ಈ ಪ್ರಶ್ನೆ ನನಗೇ ಯಾಕೆ ಬರಲಿಲ್ಲ? ಎಲ್ಲಿ ಕೂರುತ್ತದೆ, ಹೇಗೆ ಕೂರುತ್ತದೆ, ಕೂತ ಮೇಲೆ ಏನಾಗುತ್ತದೆ, ಎಲ್ಲವೂ ಬಾಯಿಪಾಠ. ಬೋರ್ಡಿನ ಮೇಲೆ ಬಾಣ ಎಳೆದರೆ ಅದು ಒರೆಸುವ ತನಕ ಹಾಗೇ ಇರುತ್ತದೆ, ಬಹುಶಃ ಅದಕ್ಕೇ. ನಮ್ಮ ಕಾಲೇಜಿನಲ್ಲಿ ಕೂರುವುದಕ್ಕೆ ಮರ್ಯಾದೆ ಜಾಸ್ತಿ ಅನ್ನುವುದೂ ಇದೆ. ಪಾಠ ಇರಲಿ ಬಿಡಲಿ, ನಾಲ್ಕೂವರೆ ತನಕ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕಂಡರೆ ಒಳ್ಳೆಯ ಮೇಷ್ಟ್ರು. ಲ್ಯಾಬು, ಲೈಬ್ರರಿ ಅಂತ ಓಡಾಡುವವನ ಮೇಲೆ ದೂರು ಹೋಗುತ್ತದೆ. ಹೋಗಿದೆ ಕೂಡ. ಯಾರು ಕೊಟ್ಟಿದ್ದು ಅಂತ ಗೊತ್ತು, ಹೆಸರು ಬೇಡ, ಕುರ್ಚಿಯ ಮೇಲೆ ದಿಂಬು ಇಟ್ಟುಕೊಂಡವರು.

ಗುರುವಾರ ಕ್ಲಾಸಿಗೆ ಹೋಗಿ, “ಮೊನ್ನೆ ನಾ ಹೇಳಿದ್ದು ತಪ್ಪು” ಅಂದೆ. ಹಿಂದಿನ ಬೆಂಚಿನವರು ಮೊಬೈಲಿನಿಂದ ತಲೆ ಎತ್ತಿದರು. ಮೇಷ್ಟ್ರು ತಪ್ಪು ಅನ್ನುವುದು ಅವರಿಗೆ ಒಳ್ಳೆ ಸುದ್ದಿ. ಚಿಗರಿಯ ಕಥೆ ಹೇಳಿದೆ. ಎಲ್ಲರೂ ಹಸಿರು ಅಂಗಿ ಹಾಕ್ಕೊಂಡಾರ ಅಂತ ತಿಳೀರಿ, ಕುಂತವರ ಅಂಗಿ ಬಣ್ಣ ಅಷ್ಟೇ ತಗೀರಿ, ಮುಂದಿನ ಸ್ಟಾಪಿಗೆ ಸೀಟು ಮತ್ತ ಹಸಿರಾತು ಅಂದ್ರ ಏನರ್ಥ? “ಹೊಸಬ್ರು ಕುಂತ್ರು!” ಅಂತ ಇಡೀ ಕ್ಲಾಸು ಕೂಗಿತು.

ಆ ಹುಡುಗಿ ಕೂಗಲಿಲ್ಲ. ಕೈ ಎತ್ತಿದಳು.

“ಸರ್, ಇಳಿದದ್ದು ಎಲ್ಲಿ ಹೋಗ್ತೈತ್ರಿ?”

“ಅಲ್ಲೇ ಕೋಶಕೇಂದ್ರದೊಳಗ ಅಡ್ಡಾಡ್ತದ. ಬ್ಯಾರೆ ಜಾಗ ಮುಟ್ಟಿ ನೋಡ್ತದ, ತಿರುಗಿ ಇಲ್ಲೇ ಬಂದ್ರೂ ಬರಬಹುದು.” ಈ ಸಲ ಓದಿಕೊಂಡು ಹೋಗಿದ್ದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಪರೀಕ್ಷಾದಾಗ ಏನ ಬರೀಬೇಕ್ರಿ? ಕುಂದರ್ತೈತಿ ಅಂತನೋ, ಎದ್ದು ಹೋಕ್ಕೈತಿ ಅಂತನೋ?”

“ಪುಸ್ತಕದಾಗ ಇದ್ದಂಗ ಬರಿ” ಅಂದೆ. ಐದು ಮಾರ್ಕಿನ ಪ್ರಶ್ನೆ, ಚಿತ್ರ ಬೇರೆ ಬಿಡಿಸಬೇಕು.

ಅವಳು ನೋಟ್‌ಬುಕ್ಕಿನಲ್ಲಿ ಒಂದು ಸಾಲನ್ನು ಪೆನ್ನಿನಿಂದ ಬರೆದಳು. ಆಮೇಲೆ ಕಂಪಾಸು ತೆಗೆದು, ಪೆನ್ಸಿಲ್ ಹುಡುಕಿ, ಪಕ್ಕದ ಮಾರ್ಜಿನ್‌ನಲ್ಲಿ ಸಣ್ಣಗೆ ಇನ್ನೇನೋ ಬರೆದುಕೊಂಡಳು.