270 ಚದರಡಿ ಮನೆ, ಮಡ್ ಬ್ಲಾಕ್ ಗೋಡೆ: ದುಡ್ಡು ಉಳಿಯುವುದೆಲ್ಲಿ, ಕೆಲಸ ಕೆಡುವುದೆಲ್ಲಿ

ಸೈಟ್ ನೋಡಲು ಬಂದವರ ಮೊದಲ ಪ್ರಶ್ನೆ: ಚದರಕ್ಕೆ ಎಷ್ಟಾಗುತ್ತೆ? ಮಣ್ಣು ನೋಡದೆ ಇದಕ್ಕೆ ಉತ್ತರ ಕೊಡುವವರನ್ನು ನಂಬಬೇಡಿ. ಪಾಯ ತೋಡಿದ ಮಣ್ಣೇ ಬ್ಲಾಕಿಗೆ ಒದಗಿದರೆ ಒಂದು ಲೆಕ್ಕ, ಲಾರಿಯಲ್ಲಿ ಮಣ್ಣು ಹೊರಿಸಿ ತಂದರೆ ಬೇರೆಯೇ ಲೆಕ್ಕ. ದೂರ ಹೆಚ್ಚಿದಷ್ಟೂ ಉಳಿಯಬೇಕಾದ ದುಡ್ಡು ಡೀಸೆಲ್ಲಿಗೆ ಹೋಗುತ್ತದೆ.

ಮಡ್ ಬ್ಲಾಕ್ ಎಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿ ಮಾಡಿದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ ‘ಅಸ್ತ್ರ’ ಘಟಕದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ನಮ್ಮ ಕೆಂಪು ಮಣ್ಣಿಗೆ ಹೊಂದುವಂತೆ ಈ ವಿಧಾನವನ್ನು ಬೆಳೆಸಿದರು. ‘ಮರ್ದಿನಿ’ ಎಂಬ ಕೈಯಂತ್ರ ಇವತ್ತಿಗೂ ಸೈಟುಗಳಲ್ಲಿ ಕಾಣಸಿಗುತ್ತದೆ. ಗೂಡಿನಲ್ಲಿ ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಅಷ್ಟೇ ಗೋಡೆಗೆ ಸುಮಾರು ಮೂರನೇ ಒಂದು ಭಾಗದಷ್ಟು ಇಂಧನಶಕ್ತಿ ಸಾಕು.

ಹಾಗಂತ ಎಲ್ಲ ಊರಿಗೂ ಇದು ಸರಿಹೋಗುವುದಿಲ್ಲ. ಕರಾವಳಿಯಲ್ಲಿ ಕೆಂಪುಕಲ್ಲು ಹತ್ತಿರದಲ್ಲೇ ಸಿಗುವಾಗ ಮಡ್ ಬ್ಲಾಕಿನ ಹಠ ಬೇಡ. ಕೋಲಾರದ ಕಡೆ ಸೈಜುಕಲ್ಲಿನ ಗೋಡೆಯನ್ನು ಮೊದಲು ಲೆಕ್ಕ ಹಾಕಿ. ಎರೆಭೂಮಿಯಲ್ಲಂತೂ ಬಿಟ್ಟೇಬಿಡಿ. ಕಪ್ಪು ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಸಿಮೆಂಟಿಗೆ ಅದನ್ನು ಹಿಡಿದಿಡಲು ಆಗುವುದಿಲ್ಲ. ತುಮಕೂರು, ಮಂಡ್ಯ, ರಾಮನಗರ, ಬೆಂಗಳೂರು ಗ್ರಾಮಾಂತರದ ಕೆಂಪು ಮಣ್ಣಿನ ಪಟ್ಟಿಯೇ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಲೆಕ್ಕಕ್ಕೆ ಒಳಗಡೆ 5 ಮೀಟರ್‌ಗೆ 5 ಮೀಟರ್ ಇರುವ ಮನೆ ಹಿಡಿಯೋಣ. 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿ ಮಾಡಿರುವ ಕನಿಷ್ಠ ಅಳತೆಯೂ ಇದೇ. ಒಂದು ಅಡ್ಡಗೋಡೆ ಹಾಕಿ 3 ಮೀಟರ್ ಅಗಲದ ಕೋಣೆ, 1.8 ಮೀಟರ್ ಅಗಲದ ಅಡುಗೆ ಮತ್ತು ಬಚ್ಚಲಿನ ಪಟ್ಟಿ ಮಾಡಿದರೆ ಗೋಡೆ ಒಟ್ಟು 26 ಮೀಟರ್ ಉದ್ದ ಬರುತ್ತದೆ. ಎತ್ತರ 9 ಅಡಿ, ಗೋಡೆ ದಪ್ಪ 190 ಎಂಎಂ. ಬ್ಲಾಕಿನ ಅಳತೆ 230×190×100 ಎಂಎಂ, ಚದರ ಮೀಟರ್ ಗೋಡೆಗೆ 38 ಬ್ಲಾಕು. ಬಾಗಿಲು, ಕಿಟಕಿ ಕಳೆದು, ಒಡೆಯುವುದನ್ನು ಸೇರಿಸಿದರೆ 2,500 ಬ್ಲಾಕು ಸಾಕು.

ಇಷ್ಟು ಬ್ಲಾಕಿಗೆ ಮಣ್ಣು, ಕಲ್ಲುಪುಡಿ, ಸಿಮೆಂಟ್ ಸೇರಿದ ಒಣ ಮಿಶ್ರಣ ಸುಮಾರು 20 ಟನ್. ಇಂಥ ಮನೆಗೆ ಎರಡೂವರೆ ಅಡಿ ಅಗಲ, ಮೂರಡಿ ಆಳ ಪಾಯ ತೋಡಿ, ಬೇರು ಮತ್ತು ಗೊಬ್ಬರದ ಅಂಶ ಇರುವ ಮೇಲಿನ ಒಂದಡಿ ಮಣ್ಣನ್ನು ಬೇರೆ ಹಾಕಿದರೂ ಉಳಿದ ಮಣ್ಣು ಬ್ಲಾಕಿಗೆ ಬೇಕಾದಷ್ಟಾಗಿ ಮಿಗುತ್ತದೆ. ಮಿಕ್ಕದ್ದು ಪ್ಲಿಂತ್, ಅಂದರೆ ನೆಲದ ಮೇಲೆ ಮನೆ ಕೂರುವ ಕಟ್ಟೆ, ತುಂಬಲು ಬರುತ್ತದೆ. ಸಣ್ಣ ಮನೆಯಲ್ಲಿ ಗೋಡೆಯ ಖರ್ಚು ತಗ್ಗುವ ದೊಡ್ಡ ಕಾರಣವೇ ಇದು. ಜೆಸಿಬಿಯವನಿಗೆ ಮೊದಲೇ ಹೇಳಿ ಎರಡು ಗುಡ್ಡೆ ಬೇರೆ ಬೇರೆ ಹಾಕಿಸಬೇಕು. ಒಂದು ಸಲ ಮೇಲ್ಮಣ್ಣು ಬೆರೆತರೆ ಮತ್ತೆ ಬೇರ್ಪಡಿಸಲು ಆಗುವುದಿಲ್ಲ.

ಮಣ್ಣಿನ ಪರೀಕ್ಷೆಗೆ ಒಂದು ಗಾಜಿನ ಜಾಡಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಒಂದು ಗಂಟೆ ಬಿಟ್ಟು ಮತ್ತೆ ಕುಲುಕಿ ರಾತ್ರಿಯಿಡೀ ಬಿಡಿ. ಮರಳು ತಳಕ್ಕೆ, ಅದರ ಮೇಲೆ ನುಣ್ಣನೆ ಧೂಳುಮಣ್ಣು, ಕೊನೆಗೆ ಜೇಡಿ ಕೂರುತ್ತದೆ. ಜೇಡಿ ಉಬ್ಬಿಕೊಂಡು ಕೂರುವುದರಿಂದ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಹಾಗಾಗಿ ಇದು ಅಂದಾಜು ಮಾತ್ರ. ಖಚಿತ ಅಂಕಿ ಬೇಕಿದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಒಂದು ಚೀಲ ಮಣ್ಣು ಕೊಡಿ. ಮಿಶ್ರಣದಲ್ಲಿ ಮರಳಿನಂಶ ನೂರಕ್ಕೆ 65ಕ್ಕಿಂತ ಹೆಚ್ಚು, ಜೇಡಿ 10ರಿಂದ 15ರ ನಡುವೆ ಇರಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ 25ರ ಹತ್ತಿರ ಇರುವುದು ಸಾಮಾನ್ಯ. ಆಗ ಮಣ್ಣಿನಷ್ಟೇ ಕ್ರಷರ್ ಪುಡಿ (ಜಲ್ಲಿ ಒಡೆಯುವಾಗ ಬರುವ ಕಲ್ಲುಪುಡಿ) ಸೇರಿಸಿದರೆ ಜೇಡಿ ಅರ್ಧಕ್ಕೆ ಇಳಿಯುತ್ತದೆ. ಪುಡಿಗೆ ದುಡ್ಡು ಕೊಡಬೇಕೆಂದು ಇಲ್ಲಿ ಕೈ ಹಿಡಿದು ಸಿಮೆಂಟ್ ಹೆಚ್ಚು ಹಾಕುವವರಿದ್ದಾರೆ. ಜೇಡಿ ಜಾಸ್ತಿಯಾದ ಬ್ಲಾಕಿಗೆ ಎಷ್ಟು ಸಿಮೆಂಟ್ ಸುರಿದರೂ ಒಣಗುವಾಗ ಕೂದಲೆಳೆ ಬಿರುಕು ಬಿಟ್ಟೇ ಬಿಡುತ್ತದೆ. ಜೇಡಿ ತೀರಾ ಕಮ್ಮಿಯಾದರೂ ಕಷ್ಟವೇ. ಅಚ್ಚಿನಿಂದ ಎತ್ತುವಾಗಲೇ ಮೂಲೆ ಉದುರುತ್ತದೆ, ಏಕೆಂದರೆ ಹಸಿ ಬ್ಲಾಕನ್ನು ಹಿಡಿದಿಡುವುದು ಸಿಮೆಂಟಲ್ಲ, ಜೇಡಿ.

ಇನ್ನು ಕಲಸುವುದು. 5 ಎಂಎಂ ಜರಡಿಯಲ್ಲಿ ಮಣ್ಣು ಸೋಸಿ. ಒಂದಡಿ ಉದ್ದ, ಅಗಲ, ಎತ್ತರದ ಮರದ ಪೆಟ್ಟಿಗೆ ಮಾಡಿಸಿ. ಎರಡು ಪೆಟ್ಟಿಗೆ ಮಣ್ಣು, ಎರಡು ಪೆಟ್ಟಿಗೆ ಪುಡಿ ಸೇರಿದರೆ ಸುಮಾರು 150 ಕೆಜಿ. ಅದಕ್ಕೆ ಕಾಲು ಮೂಟೆ ಸಿಮೆಂಟ್, ಅಂದರೆ ಹನ್ನೆರಡೂವರೆ ಕೆಜಿ. ಇದು ನೂರಕ್ಕೆ 8ರ ಲೆಕ್ಕ, 20 ಬ್ಲಾಕ್ ಬರುತ್ತವೆ. ಮೂಟೆಗೆ 80 ಬ್ಲಾಕಿನಂತೆ ಇಡೀ ಮನೆಗೆ 32 ಮೂಟೆ. ಇಡೀ ಮೂಟೆ ಒಂದೇ ಸಲ ಕಲಸಿದರೆ ಬೇಗ ಮುಗಿಯುತ್ತಲ್ಲ ಎಂದು ಕೆಲಸದವರು ಕೇಳುತ್ತಾರೆ. ನೀರು ಬಿದ್ದ ಕ್ಷಣದಿಂದ ಸಿಮೆಂಟ್ ಗಟ್ಟಿಯಾಗಲು ಶುರು. ಕೈಯಂತ್ರ ಗಂಟೆಗೆ 45ರಿಂದ 50 ಬ್ಲಾಕ್ ಒತ್ತುತ್ತದೆ. 80 ಬ್ಲಾಕಿನ ರಾಶಿಯಲ್ಲಿ ಕೊನೆಯ 30 ಬ್ಲಾಕು ಅರ್ಧ ಸತ್ತ ಸಿಮೆಂಟಿನವು. ನೋಡಲು ಮಾತ್ರ ಎಲ್ಲವೂ ಒಂದೇ ಥರ. ಕಾಲು ಮೂಟೆ ಕಲಸಿ, ಅರ್ಧ ಗಂಟೆಯೊಳಗೆ ಮುಗಿಸಿ, ಮತ್ತೆ ಕಲಸಿ.

ಒಣದಾಗಿಯೇ ಬಣ್ಣ ಒಂದೇ ಸಮ ಬರುವವರೆಗೆ ತಿರುವಿದ ಮೇಲೆ ನೀರನ್ನು ಸುರಿಯದೆ ಚಿಮುಕಿಸಬೇಕು. ಸುರಿದರೆ ಉಂಡೆ ಕಟ್ಟುತ್ತದೆ, ಆ ಉಂಡೆಯೊಳಗೆ ಸಿಮೆಂಟ್ ಹೋಗುವುದಿಲ್ಲ. ಹದ ನೋಡಲು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಮ್ಮಿ.

ಇಡೀ ಕೆಲಸದಲ್ಲಿ ಒಂದೇ ಒಂದು ಪರೀಕ್ಷೆಗೆ ಪುರುಸೊತ್ತು ಇರುವುದಾದರೆ ಅದು ತೂಕ. ಅಚ್ಚಿನಿಂದ ಬಂದ ಹಸಿ ಬ್ಲಾಕ್ ತೂಕ 8.7 ಕೆಜಿ ಆಸುಪಾಸು ಇರಬೇಕು. ಬ್ಲಾಕಿನ ಗಾತ್ರ 4.37 ಲೀಟರ್. ಒಣಗಿದ ಮೇಲೆ ಲೀಟರಿಗೆ 1.8 ಕೆಜಿ ಬರಬೇಕೆಂಬುದರಿಂದ ಈ ಅಂಕಿ ಬಂದಿದೆ. ಒಂದು ಡಬ್ಬವನ್ನು ಅಳತೆಗೆ ಕತ್ತರಿಸಿಟ್ಟುಕೊಂಡು ಪ್ರತಿ ಸಲ ಅಷ್ಟೇ ಮಿಶ್ರಣವನ್ನು ಅಚ್ಚಿಗೆ ಹಾಕಿ. ಮಧ್ಯಾಹ್ನ ಊಟವಾದ ಮೇಲೆ ಕೈ ಸೋತು ಹಿಡಿಕೆ ಎಳೆಯುವುದು ಭಾರವೆನಿಸಿದಾಗ ಅಚ್ಚಿಗೆ ಸ್ವಲ್ಪ ಕಮ್ಮಿ ಹಾಕುವುದು ಎಲ್ಲ ಸೈಟಿನಲ್ಲೂ ಆಗುತ್ತದೆ. 8.2 ಕೆಜಿಯ ಬ್ಲಾಕೂ ಅಚ್ಚಿನಷ್ಟೇ ಚೆಂದ ಕಾಣುತ್ತದೆ, ಆದರೆ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರೆ ಮರಳು ಉದುರುತ್ತದೆ. ಇಪ್ಪತ್ತಕ್ಕೊಂದು ಬ್ಲಾಕ್ ತಕ್ಕಡಿಗೆ ಇಡಿ. ಹಿಡಿಕೆ ಎಳೆಯುವವರನ್ನು ಗಂಟೆಗೊಮ್ಮೆ ಬದಲಿಸಿ. ಏಳೆಂಟು ಜನರ ತಂಡ ದಿನಕ್ಕೆ 350ರಿಂದ 400 ಬ್ಲಾಕ್ ತೆಗೆದರೆ ಒಳ್ಳೆಯ ಕೆಲಸ. ಅದಕ್ಕಿಂತ ಹೆಚ್ಚು ತೆಗೆದೆವೆಂದರೆ ಮೊದಲು ತೂಕ ನೋಡಿ.

ಒತ್ತಿದ ಬ್ಲಾಕನ್ನು ನೆರಳಿನಲ್ಲಿ ಐದಾರು ಸಾಲು ಎತ್ತರಕ್ಕೆ ಪೇರಿಸಿ, ಗೋಣಿ ಅಥವಾ ಹುಲ್ಲು ಹೊದಿಸಿ. ಮಾರನೇ ದಿನದಿಂದ ಮೂರು ವಾರ ಕ್ಯೂರಿಂಗ್, ಗೋಣಿ ಒಣಗಲು ಬಿಡಬಾರದು. ಮಣ್ಣಿನದಲ್ಲವೇ, ಬಿಸಿಲಿಗೆ ಒಣಗಲಿ ಎಂದು ಹರವಿದರೆ ಇಡೀ ಸರಕು ಕೆಟ್ಟಂತೆ. ಸಿಮೆಂಟಿಗೆ ಬಲ ಬರುವುದು ನೀರಿನಿಂದಲೇ. 28 ದಿನ ಆದ ಮೇಲೆ ಕೆಲವು ಬ್ಲಾಕನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಡಿ. ಅವು ಕುಡಿಯುವ ನೀರು ತೂಕದ ನೂರಕ್ಕೆ 15 ಮೀರದಿದ್ದರೆ, ಮೊಳೆಯಲ್ಲಿ ಗೀರಿದಾಗ ಮೂಲೆ ಕಿತ್ತು ಬರದಿದ್ದರೆ ಗೋಡೆಗೆ ಹೂಡಬಹುದು. ಲ್ಯಾಬಿನಲ್ಲಿ ಒತ್ತಿಸಿ ನೋಡುವಾಗ ನೆನೆದ ಬ್ಲಾಕಿನ ಬಲವನ್ನೇ ಕೇಳಿ, ಒಣಗಿದ್ದರ ಬಲ ಕೇಳಿ ಉಪಯೋಗವಿಲ್ಲ. ಈ ಬ್ಲಾಕಿಗೆ ಐಎಸ್ 1725 ಎಂಬ ಮಾನದಂಡವಿದೆ, 2013ರಲ್ಲಿ ಪರಿಷ್ಕರಿಸಿದ್ದು. ಲ್ಯಾಬಿನವರಿಗೆ ಆ ಸಂಖ್ಯೆ ಹೇಳಿದರೆ ಸಾಕು.

ಗೋಡೆ ಕಟ್ಟುವಾಗ ಮೇಸ್ತ್ರಿಯ ಹಳೆ ಕೈಗುಣ ಅಡ್ಡ ಬರುತ್ತದೆ. ಸುಟ್ಟ ಇಟ್ಟಿಗೆಯಂತೆ ಕರಣೆಯಲ್ಲಿ ಕಡಿದರೆ ಮಡ್ ಬ್ಲಾಕು ಎಲ್ಲೆಂದರಲ್ಲಿ ಒಡೆಯುತ್ತದೆ. ಅಚ್ಚಿನೊಳಗೆ ತಗಡಿನ ಅಡ್ಡಪಟ್ಟಿ ಇಟ್ಟು ಅರ್ಧ ಮತ್ತು ಮುಕ್ಕಾಲು ಬ್ಲಾಕುಗಳನ್ನು ಮೊದಲೇ ಒತ್ತಿಸಿಕೊಳ್ಳಿ. ಮೂಲೆಗಳಿಗೆ ಮುಕ್ಕಾಲು ಬೇಕೇ ಬೇಕು. ನಕ್ಷೆ ಹಾಕುವಾಗಲೇ ಗೋಡೆಯ ತುಂಡುಗಳನ್ನು 24 ಸೆಂಮೀ ಅಥವಾ 12 ಸೆಂಮೀ ಲೆಕ್ಕಕ್ಕೆ ಕೂರಿಸಿದರೆ ಕಡಿಯುವ ಕೆಲಸವೇ ಬರುವುದಿಲ್ಲ. ಗಾರೆಗೆ ಒಂದು ಸಿಮೆಂಟ್, ಎರಡು ಸೋಸಿದ ಮಣ್ಣು, ಆರು ಮರಳು. ಒಟ್ಟು ಏಳೆಂಟು ಮೂಟೆ ಸಿಮೆಂಟ್ ಆದೀತು. ಗಾರೆ ಬ್ಲಾಕಿಗಿಂತ ಗಟ್ಟಿಯಾಗಿದ್ದರೆ ಮುಂದೆ ಗೋಡೆ ಸ್ವಲ್ಪ ಅಲುಗಿದರೂ ಬಿರುಕು ಸಂದಿನಲ್ಲಿ ಬರುವ ಬದಲು ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ. ಸಂದಿನ ಬಿರುಕನ್ನು ತುಂಬಬಹುದು, ಸೀಳಿದ ಬ್ಲಾಕನ್ನು ಏನೂ ಮಾಡಲಾಗದು. ಇಡುವ ಮುಂಚೆ ಬ್ಲಾಕಿಗೆ ನೀರು ತೋರಿಸಿ, ಮುಳುಗಿಸಬೇಡಿ. ದಿನಕ್ಕೆ ನಾಲ್ಕಡಿಗಿಂತ ಎತ್ತರ ಏರಿಸಬೇಡಿ. ಲಿಂಟಲ್ ಮಟ್ಟದಲ್ಲಿ ಬಾಗಿಲು ಕಿಟಕಿಗಳ ಮೇಲಷ್ಟೇ ಅಲ್ಲ, ಮನೆಯ ಸುತ್ತಲೂ ಕಾಂಕ್ರೀಟ್ ಪಟ್ಟಿ ಹೋಗಲಿ.

ವೈರಿಂಗ್‌ನವರು ಸುತ್ತಿಗೆ, ಉಳಿ ಹಿಡಿದು ಬಂದರೆ ಗೋಡೆ ಅಲುಗಾಡಿ ಸಂದು ಬಿಡುತ್ತದೆ. ಪೈಪಿನ ದಾರಿ ನಕ್ಷೆಯಲ್ಲೇ ಇರಲಿ, ಕೊರೆಯಲೇಬೇಕಾದರೆ ಕಟ್ಟಿಂಗ್ ಮೆಷಿನ್ ಬಳಸಲಿ. ಚೌಕಟ್ಟಿನ ಹೋಲ್ಡ್‌ಫಾಸ್ಟ್ (ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಕೂರುವ ಕಡೆ ಮಡ್ ಬ್ಲಾಕಿನ ಬದಲು ಅದೇ ಅಳತೆಯ ಕಾಂಕ್ರೀಟ್ ತುಂಡು ಇಡಿ, ಇಲ್ಲದಿದ್ದರೆ ಬಾಗಿಲು ಬಡಿದು ಬಡಿದು ಚೌಕಟ್ಟು ಸಡಿಲವಾಗುತ್ತದೆ. ಬಚ್ಚಲಿನ ಗೋಡೆಗೆ ಮಡ್ ಬ್ಲಾಕ್ ಬೇಡ, ಸುಟ್ಟ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕು ಹಾಕಿ ಏಳಡಿವರೆಗೆ ಟೈಲ್ಸ್ ಕೂರಿಸಿ.

ಕಡಿಮೆ ಖರ್ಚಿನ ಮನೆ ಎಂದಾಗ ಕತ್ತರಿ ಮೊದಲು ಬೀಳುವುದು ಪ್ಲಿಂತ್ ಎತ್ತರಕ್ಕೆ ಮತ್ತು ಸಜ್ಜಾಕ್ಕೆ. ಇವೆರಡನ್ನೂ ಮುಟ್ಟಬಾರದು. ಸುಡದ ಬ್ಲಾಕಿಗೆ ಮಳೆ ನೇರ ಬೀಳುವುದಕ್ಕಿಂತ ನೆಲದಿಂದ ಸಿಡಿಯುವ ಹನಿ ಹೆಚ್ಚು ಹಾನಿ ಮಾಡುತ್ತದೆ. ನೆಲದಿಂದ ಒಂದೂವರೆ ಅಡಿ ಸೈಜುಕಲ್ಲು, ಅದರ ಮೇಲೆ ತೇವ ಏರದಂತೆ ಕಾಂಕ್ರೀಟ್ ಪದರ, ಮೇಲ್ಗಡೆ ಸೂರು ಎರಡಡಿ ಹೊರಚಾಚು. ಕಿಟಕಿಯ ಕೆಳಗಿನ ಹಲಗೆಕಲ್ಲು ಗೋಡೆಯಿಂದ ಎರಡಂಗುಲ ಮುಂದಿರಲಿ, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಗೆರೆ ಕೊರೆಯಿರಿ. ಇಷ್ಟಿದ್ದರೆ ಹೊರಗೋಡೆಗೆ ಪ್ಲಾಸ್ಟರಿಂಗ್ ಬೇಡ, ಪೇಂಟೂ ಬೇಡ. ಸಂದು ತುಂಬಿ ಪಾಯಿಂಟಿಂಗ್ ಮಾಡಿದರೆ ಮುಗಿಯಿತು. ಗೋಡೆಯ ಬಣ್ಣವೇ ಚೆಂದ.

ಛಾವಣಿಗೆ ಬಂದರೆ ಫಿಲ್ಲರ್ ಸ್ಲ್ಯಾಬ್ ಎಲ್ಲರ ಬಾಯಲ್ಲಿದೆ: ಸ್ಲ್ಯಾಬಿನ ಕೆಳಭಾಗದಲ್ಲಿ ಬಲಕ್ಕೆ ಬೇಡದ ಕಾಂಕ್ರೀಟನ್ನು ತೆಗೆದು ಅಲ್ಲಿ ಜೋಡಿ ಮಂಗಳೂರು ಹೆಂಚು ಇಡುವುದು. ಹೆಂಚು ಕೂತ ಜಾಗದಲ್ಲಿ ಐದನೇ ಒಂದು ಭಾಗ ಕಾಂಕ್ರೀಟ್ ಉಳಿತಾಯವಾಗುವುದು ನಿಜ. ಆದರೆ 270 ಚದರಡಿ ಮನೆಯಲ್ಲಿ ಗೋಡೆಯ ಮೇಲೆ, ಅಂಚಿನಲ್ಲಿ, ಸೂರಿನ ಚಾಚಿನಲ್ಲಿ ಹೆಂಚು ಇಡುವಂತಿಲ್ಲ. ಒಳಗೆ 20 ಚದರ ಮೀಟರ್ ಸಿಕ್ಕಿದರೆ 240 ಹೆಂಚು ಹಿಡಿದು ಉಳಿಯುವುದು ಅರ್ಧ ಘನ ಮೀಟರ್ ಕಾಂಕ್ರೀಟ್, ಅಂದರೆ ನಾಲ್ಕು ಮೂಟೆ ಸಿಮೆಂಟ್, ಜೊತೆಗೆ ಸ್ವಲ್ಪ ಕಂಬಿ. ಕೆಳಗಿನಿಂದ ಹೆಂಚು ಕಾಣುವ ಅಂದಕ್ಕಾಗಿ, ಕೈ ಪಳಗಿದ ಮೇಸ್ತ್ರಿ ಇದ್ದರೆ ಖಂಡಿತ ಮಾಡಿ. ಇಲ್ಲದಿದ್ದರೆ ಮಾಮೂಲಿ ಸ್ಲ್ಯಾಬೇ ಸರಿ. ಮಾಡುವುದಾದರೆ ಹೆಂಚನ್ನು ನೀರಿನಲ್ಲಿ ನೆನೆಸಿಡಿ, ಒಣ ಹೆಂಚು ಕಾಂಕ್ರೀಟಿನ ನೀರು ಹೀರಿಕೊಳ್ಳುತ್ತದೆ. ಹೆಂಚುಗಳ ನಡುವಿನ ಸಂದಿಗೆ 12 ಎಂಎಂ ಜಲ್ಲಿ ಬಳಸಿ, ದಪ್ಪ ಜಲ್ಲಿ ಕಂಬಿಯ ಕೆಳಗೆ ಇಳಿಯದೆ ಟೊಳ್ಳು ಬಿಡುತ್ತದೆ. ಕಾಂಕ್ರೀಟ್ ಹಾಕುವವರು ಹೆಂಚಿನ ಮೇಲೆ ಕಾಲಿಡದಂತೆ ಹಲಗೆ ಹಾಸಿ. ಫ್ಯಾನಿನ ಕೊಕ್ಕೆ, ಲೈಟಿನ ಬಾಕ್ಸು ಎಲ್ಲ ಮೊದಲೇ ಕಾಂಕ್ರೀಟ್ ಪಟ್ಟಿಯಲ್ಲಿ ಕೂತಿರಲಿ. ಆಮೇಲೆ ಡ್ರಿಲ್ ಹಿಡಿದರೆ ಹೆಂಚು ಸೀಳುತ್ತದೆ. ಕಂಬಿಯ ಲೆಕ್ಕ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಿಂದಲೇ ಬರಬೇಕು.

ಕಾಲದ ಲೆಕ್ಕ ಹೀಗೆ. ಹಿಂಗಾರು ನಿಂತ ಮೇಲೆ ನವೆಂಬರ್ ಕೊನೆಗೆ ಪಾಯ ತೋಡಿ, ಡಿಸೆಂಬರ್ ಮೊದಲ ವಾರ ಬ್ಲಾಕ್ ಒತ್ತಿಸಿ. ಬ್ಲಾಕು ನೀರು ಕುಡಿಯುತ್ತಿರುವ ನಾಲ್ಕು ವಾರದಲ್ಲಿ ಸೈಜುಕಲ್ಲಿನ ಪಾಯ, ಪ್ಲಿಂತ್ ಮುಗಿಯುತ್ತದೆ. ಜನವರಿಯಲ್ಲಿ ಗೋಡೆ, ಫೆಬ್ರವರಿಯಲ್ಲಿ ಸ್ಲ್ಯಾಬ್. ಬೋರ್‌ವೆಲ್ ನೀರು ತಗ್ಗುವ ಏಪ್ರಿಲ್‌ಗೆ ಕ್ಯೂರಿಂಗ್ ಎಳೆದುಕೊಂಡು ಹೋಗದಂತೆ ನೋಡಿಕೊಳ್ಳಿ. ಟ್ಯಾಂಕರ್ ನೀರಿಗೆ ಬಿದ್ದರೆ ಮೊದಲು ನಿಲ್ಲುವುದೇ ಕ್ಯೂರಿಂಗ್.