ಲುಕ್ಲಾದ ಕೊನೆಯ ರಾತ್ರಿಯ ಲೆಕ್ಕ

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿ ಬಂದವರು ಬೇಸ್ ಕ್ಯಾಂಪಿನ ಬಗ್ಗೆಯೇ ಬರೆಯುತ್ತಾರೆ. 5,364 ಮೀಟರ್ ಎತ್ತರದಲ್ಲಿ ಬಂಡೆಯೊಂದರ ಮುಂದೆ ನಿಂತು ನಾನೂ ಫೋಟೋ ತೆಗೆಸಿಕೊಂಡೆ. ಚೆನ್ನಾಗಿತ್ತು, ಅಷ್ಟೆ. ಅಲ್ಲಿಂದ ಎವರೆಸ್ಟಿನ ತುದಿ ಕಾಣುವುದೂ ಇಲ್ಲ. ಅದಕ್ಕೆ ಕಾಲಾಪತ್ಥರ್ ಹತ್ತಬೇಕು. ನನ್ನ ತಲೆಯಲ್ಲಿ ಉಳಿದದ್ದು ಬೇರೆಯೇ: ನಮ್ಮ ಸಾಮಾನು ಹೊತ್ತವರಿಗೆ ಟಿಪ್ಸ್ ಎಷ್ಟು ಕೊಡಬೇಕು ಎಂದು ನಡೆದ ಜಗಳ.

ನಾವು ಬೆಂಗಳೂರಿನಿಂದ ಹೊರಟ ಎಂಟು ಜನ. ರಿಟೈರ್ ಆದ ಬ್ಯಾಂಕ್ ಆಫೀಸರ್ ಒಬ್ಬರು, ಸಿ.ಎ. ಒಬ್ಬರು, ಡಾಕ್ಟರ್ ಮೇಡಂ, ಮಿಕ್ಕವರು ನನ್ನಂತೆ ಲ್ಯಾಪ್‌ಟಾಪ್ ಕುಟ್ಟುವವರು. ಜೊತೆಗೆ ಒಬ್ಬ ಗೈಡ್, ಒಬ್ಬ ಅಸಿಸ್ಟೆಂಟ್ ಗೈಡ್, ನಾಲ್ಕು ಪೋರ್ಟರ್. ಒಬ್ಬೊಬ್ಬ ಪೋರ್ಟರ್‌ಗೆ ನಮ್ಮ ಎರಡೆರಡು ಡಫಲ್ ಬ್ಯಾಗ್. ಎರಡನ್ನೂ ಹಗ್ಗದಲ್ಲಿ ಬಿಗಿದು, ನಾಮ್ಲೋ ಅನ್ನುವ ಪಟ್ಟಿಯನ್ನು ಹಣೆಗೆ ಕೊಟ್ಟು ಎತ್ತಿದರೆ ಭಾರವೆಲ್ಲ ಕುತ್ತಿಗೆಯ ಮೇಲೆ. ಇಲ್ಲಿ ಸಾಮಾನು ಹೊರುವವರೆಲ್ಲ ಶೆರ್ಪಾಗಳು ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ನಮ್ಮ ನಾಲ್ವರಲ್ಲಿ ಒಬ್ಬನೂ ಶೆರ್ಪಾ ಅಲ್ಲ. ಮೂವರು ರಾಯಿ ಜನಾಂಗದವರು, ಒಬ್ಬ ತಮಾಂಗ್ ಜನಾಂಗದವನು, ಎಲ್ಲರೂ ಕೆಳಗಿನ ಬೆಟ್ಟದ ಊರುಗಳವರು.

ಸೀಸನ್ನಿನಲ್ಲಿ, ನಡಿಗೆ ಶುರುವಾಗುವ ಲುಕ್ಲಾದ ವಿಮಾನ ಹೆಚ್ಚಾಗಿ ಕಾಠ್ಮಂಡುವಿನಿಂದ ಹೊರಡುವುದಿಲ್ಲ, ರಾಮೆಛಾಪ್‌ನಿಂದ. ಮಧ್ಯರಾತ್ರಿ ದಾಟುತ್ತಿದ್ದಂತೆ ಎಬ್ಬಿಸಿ ವ್ಯಾನಿಗೆ ತುಂಬಿದರು. ಲುಕ್ಲಾದ ರನ್‌ವೇ 527 ಮೀಟರ್, ಅದೂ ಇಳಿಜಾರು. ಇಳಿಯುವಾಗ ನಮ್ಮ ಸಿ.ಎ. ಸಾಹೇಬರು ಗಟ್ಟಿಯಾಗಿ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ನಾಮ್ಚೆಯಲ್ಲಿ ಬೇಕರಿಯ ಕಾಫಿಗೆ ಒಳ್ಳೆ ರುಚಿ. ತೆಂಗ್‌ಬೋಚೆಯ ಮಠ ಮಂಜಿನಲ್ಲಿ ಕಾಣಲೇ ಇಲ್ಲ. ಅಲ್ಲಿಂದ ದಿಂಗ್‌ಬೋಚೆ.

ದಿಂಗ್‌ಬೋಚೆ 4,410 ಮೀಟರ್ ಎತ್ತರ. ಗಾಳಿಗೆ ಒಗ್ಗಿಕೊಳ್ಳಲಿ ಎಂದು ಅಲ್ಲಿ ಒಂದು ದಿನ ಹೆಚ್ಚು ಉಳಿಸುತ್ತಾರೆ. ಮಧ್ಯಾಹ್ನ ಲಾಡ್ಜಿನ ಕಲ್ಲುಗೋಡೆಯ ಮೇಲೆ ಬಿಸಿಲಿಗೆ ಕೂತಿದ್ದೆ. ನನ್ನ ಬ್ಯಾಗು ಹೊರುವ ಹುಡುಗ ಪಕ್ಕಕ್ಕೆ ಬಂದು ಕೂತ. ಸ್ವಲ್ಪ ಹೊತ್ತಾದ ಮೇಲೆ, "ಊಟ ಆಯ್ತಾ ದೀದಿ?" ಅಂದ. ಅಚ್ಚ ಕನ್ನಡದಲ್ಲಿ!

ಮಾರತ್‌ಹಳ್ಳಿಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಸಪ್ಲೈಯರ್ ಆಗಿದ್ದನಂತೆ. 2020ರಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬರುವ ಕನ್ನಡವೆಲ್ಲ ಹೋಟೆಲಿನದು: "ಏನ್ ಕೊಡ್ಲಿ", "ಬಿಲ್ ಕೊಡ್ಲಾ", "ಚೇಂಜ್ ಇಲ್ಲ ಸಾರ್". ಉಳಿದದ್ದು ಹಿಂದಿಯಲ್ಲಿ.

"ಬೆಂಗಳೂರಿನಲ್ಲಿ ಟಿಪ್ಸ್ ಬರ್ತಿತ್ತಾ ಭಾಯಿ?" ಅಂತ ಕೇಳಿದೆ.

"ಕುಡಿದವರು ಜಾಸ್ತಿ ಕೊಡ್ತಿದ್ರು. ಫ್ಯಾಮಿಲಿ ಜೊತೆ ಬಂದವರು ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬಿಡ್ತಿದ್ರು. ಎಲ್ಲಾ ಒಂದು ಡಬ್ಬಿಗೆ. ರಾತ್ರಿ ಹಂಚಿಕೆ. ಟೇಬಲ್ ಒರೆಸೋನಿಗೂ ಪಾಲು, ಅಡುಗೆಯವನಿಗೂ ಪಾಲು." ಸ್ವಲ್ಪ ತಡೆದು ಹೇಳಿದ: "ಆಮೇಲೆ ಫೋನ್ ಪೇಮೆಂಟ್ ಬಂತು. ಬಿಲ್ ಎಷ್ಟೋ ಅಷ್ಟೇ ಒತ್ತಿ ಹೋಗ್ತಾರೆ. ತಟ್ಟೆಯಲ್ಲಿ ಸೋಂಪು ಮಾತ್ರ ಉಳೀತು."

ನಾನು ನಕ್ಕೆ. ಅವನು ನಗಲಿಲ್ಲ.

ಇಲ್ಲಿಯ ಲೆಕ್ಕವನ್ನೂ ಕೇಳಿದೆ. ದಿನಕ್ಕೆ ಎರಡು ಸಾವಿರ ನೇಪಾಳಿ ರೂಪಾಯಿ. ಅದರಲ್ಲೇ ಅವನ ಊಟ, ಚಹಾ ಎಲ್ಲ. ಪೋರ್ಟರ್‌ಗಳಿಗೆ ದಾಲ್ ಭಾತ್ ಕಡಿಮೆ ರೇಟಿಗೆ ಸಿಗುತ್ತದೆ, ನಿಜ. ಆದರೂ ಮೇಲೆ ಹೋದ ಹಾಗೆ ಎಲ್ಲದರ ಬೆಲೆ ಏರುತ್ತದೆ. ಕೆಲಸ ಇರುವುದು ವರ್ಷಕ್ಕೆ ಎರಡು ಸೀಸನ್: ಮಾರ್ಚಿನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಉಳಿದ ತಿಂಗಳು ಖೋಟಾಂಗ್ ಜಿಲ್ಲೆಯ ಅವನ ಊರಿನಲ್ಲಿ ಮುಸುಕಿನ ಜೋಳ ಮತ್ತು ಕೋದೋ ಬೆಳೆಯುತ್ತಾರೆ. ಕೋದೋ ಅಂದರೆ ನಮ್ಮ ರಾಗಿಯೇ. "ಕೂಲಿ ದಾರಿಯಲ್ಲೇ ಅರ್ಧ ಖರ್ಚಾಗುತ್ತೆ. ಮನೆಗೆ ಒಯ್ಯೋದು ಅಂದ್ರೆ ಟಿಪ್ಸೇ" ಅಂದ.

"ಇಂಡಿಯನ್ಸ್ ಕೊಡ್ತಾರಾ?" ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

ಅವನು ಯಾಕ್‌ಗಳ ಕಡೆ ನೋಡಿದ. "ಇಂಡಿಯನ್ಸ್ ಮಾತಾಡಿಸ್ತಾರೆ ದೀದಿ. ಚಕ್ಕುಲಿ ಕೊಡ್ತಾರೆ, ಜೊತೇಲಿ ಫೋಟೋ ತೆಗೀತಾರೆ. ಬಿಳಿಯರಿಗೆ ನಾವು ಇರೋದೇ ಕಾಣಲ್ಲ. ಆದ್ರೆ ಕೊನೆಗೆ ಕವರ್ ಕೊಡ್ತಾರೆ." ಮತ್ತೆ ತಾನೇ ಮುಂದುವರಿಸಿದ: "ಇಂಡಿಯನ್ಸ್ ಗ್ಲೌಸ್ ಕೊಡ್ತಾರೆ. ನನ್ನ ಹತ್ರ ನಾಲ್ಕು ಜೊತೆ ಇದೆ."

ಚಕ್ಕುಲಿ ನಮ್ಮ ಗುಂಪಿನದೇ.

ಲೋಬುಚೆ, ಗೋರಕ್‌ಶೆಪ್, ಬೇಸ್ ಕ್ಯಾಂಪ್, ವಾಪಸ್. ಮೊಣಕಾಲು ನೋವು ಬಿಟ್ಟರೆ ಹೇಳುವಂಥದ್ದು ಏನೂ ಇಲ್ಲ.

ಲುಕ್ಲಾದ ಕೊನೆಯ ರಾತ್ರಿ ಟಿಪ್ಸ್ ಕೊಡುವುದು ಅಲ್ಲಿಯ ರೂಢಿ. ಇದು ಬೆಂಗಳೂರಿನ ನಮ್ಮ ಆಯೋಜಕರಿಗೆ ಗೊತ್ತಿರಲಿಲ್ಲ ಅಂದರೆ ನಂಬುವುದಿಲ್ಲ. "ಎಲ್ಲಾ ಸೇರಿದೆ, ಕಾಫಿ ದುಡ್ಡು ಇಟ್ಕೊಳ್ಳಿ ಸಾಕು" ಅಂದಿದ್ದರು. ಅವರೇ ಕಳಿಸಿದ ಕಾಗದದ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಟಿಪ್ಸ್ ಬೇರೆ ಎಂದಿತ್ತು. ಇಬ್ಬರ ಬಳಿ ಉಳಿದಿದ್ದು ಬರೀ 500ರ ಭಾರತೀಯ ನೋಟು. ನಾವು ಹೋದಾಗ ನೂರಕ್ಕಿಂತ ದೊಡ್ಡ ಭಾರತೀಯ ನೋಟು ನೇಪಾಳದಲ್ಲಿ ನಡೆಯುತ್ತಿರಲಿಲ್ಲ. ಎಟಿಎಂ ಬಾಗಿಲು ಹಾಕಿತ್ತು. ಕೊನೆಗೆ ಅಂಗಡಿಯವನೊಬ್ಬ ಕಾರ್ಡ್ ಉಜ್ಜಿ ನಗದು ಕೊಟ್ಟ, ನೂರಕ್ಕೆ ಹತ್ತು ಮುರಿದುಕೊಂಡು. ಆ ಹತ್ತು ಪರ್ಸೆಂಟ್ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೋಗುವವರು ಕಾಠ್ಮಂಡುವಿನಲ್ಲೇ ನೇಪಾಳಿ ದುಡ್ಡು ತೆಗೆದು, ಟಿಪ್ಸಿನದನ್ನು ಬೇರೆ ಕವರಿಗೆ ಹಾಕಿ ಬ್ಯಾಗಿನ ತಳಕ್ಕೆ ಇಟ್ಟುಬಿಡಿ. ಭಾರತದ ನೂರಕ್ಕೆ ನೇಪಾಳದ 160, ಲೆಕ್ಕ ಸುಲಭ.

ಊಟವಾದ ಮೇಲೆ ಸಿ.ಎ. ಸಾಹೇಬರು ಶುರು ಮಾಡಿದರು. "ತಲೆಗೆ ಎರಡು ಸಾವಿರ ಹಾಕೋಣ. ಒಟ್ಟು ಹದಿನಾರು. ಗೈಡ್ ಕೈಗೆ ಕೊಟ್ರೆ ಅವನೇ ಹಂಚ್ಕೊಳ್ತಾನೆ."

"ಆರು ಜನಕ್ಕೆ ಹದಿನಾರು ಸಾವಿರಾನಾ?" ಅಂದರು ಡಾಕ್ಟರ್ ಮೇಡಂ.

"ಟಿಪ್ಸ್ ಅಂದ್ರೆ ನಮ್ಮ ಇಷ್ಟ ಮೇಡಂ. ಕಡ್ಡಾಯ ಏನಲ್ಲ. ಏಜೆನ್ಸಿಗೆ ಪೂರ್ತಿ ಕೊಟ್ಟಾಗಿದೆ. ಸಂಬಳ ಕೊಡೋದು ಅವರ ಜವಾಬ್ದಾರಿ."

ಅವರ ಮಾತಿನಲ್ಲೂ ನ್ಯಾಯವಿದೆ, ಇಲ್ಲ ಅನ್ನುವುದಿಲ್ಲ. ಕೂಲಿಯನ್ನೇ ಸರಿಯಾಗಿ ಕೊಟ್ಟರೆ ಯಾರೂ ಗಿರಾಕಿಯ ಮುಖ ನೋಡುತ್ತಾ ನಿಲ್ಲಬೇಕಿಲ್ಲ. ಆದರೆ ಆ ನ್ಯಾಯ ನೆನಪಾಗುವುದು ನಾವು ಕೊಡಬೇಕಾದಾಗ ಮಾತ್ರ. ಇದೇ ನಾವು ಮದುವೆ ಮನೆಯಲ್ಲಿ ಅಡುಗೆ ಭಟ್ಟರಿಗೆ, ವಾಲಗದವರಿಗೆ ಮಾತಾಡಿದ ದುಡ್ಡಿನ ಮೇಲೆ ಭಕ್ಷೀಸು ಇಟ್ಟು ಕಳಿಸುತ್ತೇವೆ. ಅಲ್ಲಿ ಯಾರೂ ಕಡ್ಡಾಯವೇ ಅಂತ ಕೇಳುವುದಿಲ್ಲ.

ಬ್ಯಾಂಕ್ ಆಫೀಸರು ಅಷ್ಟು ಹೊತ್ತು ಸುಮ್ನೆ ಕೂತಿದ್ದರು. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಓದಿದರು. ವೈಫೈ ಕಾರ್ಡ್, ಫೋನ್ ಚಾರ್ಜಿಂಗ್, ಬಿಸಿನೀರಿನ ಸ್ನಾನ, ನಾಮ್ಚೆಯ ಕಾಫಿ, ಆಪಲ್ ಪೈ. ಅವರೊಬ್ಬರದೇ ಇಪ್ಪತ್ತು ಸಾವಿರ ದಾಟಿತ್ತು. "ಇದ್ಯಾವ್ದು ಕಡ್ಡಾಯ ಇತ್ತು ಸ್ವಾಮಿ?" ಅಂದರು.

ಒಂದು ಗಂಟೆ ಎಳೆದಾಡಿದ ಮೇಲೆ ತಲೆಗೆ ಆರು ಸಾವಿರಕ್ಕೆ ಬಂದು ನಿಂತಿತು. ಒಟ್ಟು 48 ಸಾವಿರ. ಗೈಡಿಗೆ ಹನ್ನೆರಡು, ಅಸಿಸ್ಟೆಂಟ್‌ಗೆ ಎಂಟು, ಪೋರ್ಟರ್‌ಗಳಿಗೆ ಏಳೇಳು. ನನ್ನ ಪ್ರಕಾರ ಹೊರುವವರಿಗೆ ಇನ್ನೂ ಕೊಡಬೇಕಿತ್ತು. ನನ್ನ ಪಾಲಿನ ಹುಡುಗನ ಕವರಿಗೆ ನಾನು ಬೇರೆ ಸೇರಿಸಿದೆ. ಗೈಡ್ ಕೈಯಲ್ಲಿ ಕೊಡುವುದು ಬೇಡ, ಒಬ್ಬೊಬ್ಬರಿಗೂ ನಾವೇ ಕೊಡೋಣ ಅಂತ ಡಾಕ್ಟರ್ ಮೇಡಂ ಹಟ ಹಿಡಿದರು. ಅದು ಸರಿ. ನಮ್ಮ ಗೈಡ್ ಒಳ್ಳೆಯವನೇ, ಆದರೆ ಹೊತ್ತವನಿಗೆ ಹೊರೆಸಿದವನ ಕೈಯಿಂದಲೇ ಸಿಗಬೇಕು.

ಪೋರ್ಟರ್‌ಗಳು ಆ ಲಾಡ್ಜಿನಲ್ಲಿ ಇರಲಿಲ್ಲ. ಕರೆಸಿದೆವು. ತಲೆ ಬಾಚಿಕೊಂಡು ಬಂದಿದ್ದರು. ಬಲಗೈ ಚಾಚಿ, ಎಡಗೈಯಿಂದ ಬಲಮೊಣಕೈ ಮುಟ್ಟಿಕೊಂಡು ಕವರ್ ತಗೊಂಡರು. ಯಾರೂ ಬಿಚ್ಚಿ ನೋಡಲಿಲ್ಲ. ನಮ್ಮವರೊಬ್ಬರು ಗ್ಲೌಸ್ ಕೂಡ ಕೊಟ್ಟರು. ನನ್ನ ಹುಡುಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮರುದಿನವೇ ಅವನಿಗೆ ಇನ್ನೊಂದು ಗುಂಪು ಸಿಕ್ಕಿತ್ತು, ಮತ್ತೆ ಮೇಲಕ್ಕೆ.

ಎರಡು ದಿನದ ನಂತರ ಕಾಠ್ಮಂಡುವಿನ ಥಮೇಲ್‌ನಲ್ಲಿ ಊಟಕ್ಕೆ ಕೂತೆವು. ಮೊಮೊ ಬರುವುದಕ್ಕೆ ಮುಕ್ಕಾಲು ಗಂಟೆ, ಬಂದಾಗ ತಣ್ಣಗೆ. ಬಿಲ್ಲನ್ನು ಚರ್ಮದ ಫೋಲ್ಡರಿನಲ್ಲಿ ಇಟ್ಟು ತಂದರು. ಸಿ.ಎ. ಸಾಹೇಬರು ಮರುಮಾತಿಲ್ಲದೆ ಐನೂರರ ನೋಟು ಅದರೊಳಗೆ ಸೇರಿಸಿದರು.

ಬ್ಯಾಂಕ್ ಆಫೀಸರು ಕನ್ನಡಕದ ಮೇಲಿಂದ ನೋಡಿದರು.

"ಇಂಥ ಜಾಗದಲ್ಲಿ ಇಡದಿದ್ರೆ ಚೆನ್ನಾಗಿರಲ್ಲ ಸಾರ್. ಸುತ್ತ ಜನ ನೋಡ್ತಾರೆ."

"ಲುಕ್ಲಾದಲ್ಲಿ ನಾವೂ ನೋಡ್ತಾನೇ ಇದ್ವಲ್ಲ" ಅಂದರು ಅವರು, ಸೋಂಪು ಬಾಯಿಗೆ ಹಾಕಿಕೊಳ್ಳುತ್ತಾ.