ಕ್ರಿಸ್ಮಸ್‌ಗೆ ಚಕ್ಲಿ ಯಾಕೆ ಅಂತ ಕೇಳುವವರಿಗೆ

ಬೆಂಗಳೂರಿಗೆ ಬಂದು 20 ವರ್ಷ ಆಯ್ತು. ಪ್ರತಿ ಡಿಸೆಂಬರ್‌ನಲ್ಲೂ ನನಗೆ ಅದೇ ಪ್ರಶ್ನೆ. ಕ್ರಿಸ್ಮಸ್ ದಿನ ಬೆಳಿಗ್ಗೆ ಅಕ್ಕಪಕ್ಕದ ಮನೆಗಳಿಗೆ ತಿಂಡಿ ತಟ್ಟೆ ಕೊಟ್ಟು ಬರುತ್ತೇನೆ. ಅವರು ಮೇಲೆ ಮುಚ್ಚಿದ ಬಟ್ಟೆ ಸರಿಸಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. "ಚಕ್ಲಿ, ಲಾಡು, ಕರ್ಜಿಕಾಯಿ! ಇದೆಲ್ಲ ನಮ್ಮ ಹಬ್ಬದ ತಿಂಡಿ ಅಲ್ವಾ? ಕ್ರಿಸ್ಮಸ್ ಅಂದ್ರೆ ಕೇಕ್ ತಾನೇ?" ಕಳೆದ ವರ್ಷ ಎದುರುಮನೆಯವರು ಇನ್ನೂ ಒಂದು ಕೇಳಿದರು. "ಮತ್ತೆ ಹಾಡು? ಅದಾದರೂ ಇಂಗ್ಲಿಷಾ?"

ಬಾಗಿಲಲ್ಲಿ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಿನ್ನಿಗೋಳಿ ಕಡೆಯ ಹಳ್ಳಿ, ಮಂಗಳೂರಿನಿಂದ ಒಂದು ಗಂಟೆ ದಾರಿ. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಕೊಂಕಣಿಯನ್ನೂ ನಾವು ಬರೆಯುವುದು ಕನ್ನಡ ಲಿಪಿಯಲ್ಲೇ. 1938ರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆಯನ್ನು ನನ್ನ ವೊಡ್ಲಿಮಾಯ್, ಅಂದರೆ ಅಜ್ಜಿ, ಪ್ರತಿ ವಾರ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಜೋರಾಗಿ ಓದುತ್ತಿದ್ದರು.

ಕ್ರಿಸ್ಮಸ್ ತಿಂಡಿಗೆ ನಾವು ಕುಸ್ವಾರ್ ಅಂತೀವಿ. ನೆವ್ರಿ, ಅಂದರೆ ನಿಮ್ಮ ಕರ್ಜಿಕಾಯಿ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಲಿ, ಲಾಡು. ನಮ್ಮ ಹಿರಿಯರು ಗೋವಾದಿಂದ ಬಂದವರು, ಒಂದೇ ಸಲ ಅಲ್ಲ, 16ನೇ ಶತಮಾನದಿಂದ 18ನೇ ಶತಮಾನದವರೆಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಷ್ಟಕ್ಕೆ ಊರು ಬಿಟ್ಟು ಕೆಳಗೆ ಬಂದರು. ಗೋವಾದ ಹಿಂದೂ ಮನೆಗಳಲ್ಲಿ ಇವತ್ತಿಗೂ ಚೌತಿಗೆ ನೆವ್ರಿ ಮಾಡುತ್ತಾರೆ. ನಮ್ಮಲ್ಲಿ ಕ್ರಿಸ್ಮಸ್‌ಗೆ ಅದೇ ನೆವ್ರಿ. ಅದೇ ಎಳ್ಳು, ಅದೇ ಕೊಬ್ಬರಿ, ಸಕ್ಕರೆ, ಏಲಕ್ಕಿ. ಕ್ರೈಸ್ತರಾದ ಮೇಲೆ ಪ್ರಾರ್ಥನೆ ಬದಲಾಯ್ತು, ಹೆಸರು ಬದಲಾಯ್ತು, ಆದರೆ ಹಬ್ಬ ಅಂದಾಗ ಅಡುಗೆಮನೆಯಲ್ಲಿ ಕೈ ತಾನಾಗಿ ಹೋಗಿದ್ದು ಅದೇ ಬಾಣಲೆಗೆ. ಹಾಗಾಗಿ "ಇದು ನಮ್ಮ ಹಬ್ಬದ ತಿಂಡಿ ಅಲ್ವಾ" ಅಂದರೆ, ಹೌದು, ನಿಮ್ಮದೇ. ನಮ್ಮದೂ ಅದೇ.

ಮಾಡುವ ಕೆಲಸ ಮಾತ್ರ ಸಣ್ಣದಲ್ಲ. ಡಿಸೆಂಬರ್ ಎರಡನೇ ವಾರ ಬಂದರೆ ಸಂಜೆ ಮನೆಯವರೆಲ್ಲ ಚಾಪೆ ಹಾಸಿ ಕೂರಬೇಕು. ಮಕ್ಕಳಿಗೆ ಕಿಡ್ಯೊ ಕೆಲಸ. ಕಿಡ್ಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ಮೈದಾಕ್ಕೆ ಮೊಟ್ಟೆ, ತೆಂಗಿನ ಹಾಲು ಹಾಕಿ ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಉಂಡೆ ತೆಗೆದು, ಹೊಸ ಬಾಚಣಿಗೆಯ ಹಲ್ಲಿನ ಮೇಲಿಟ್ಟು, ಹೆಬ್ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ಹಾಗೇ ಸುರುಳಿ ಸುತ್ತಬೇಕು. ಆಗ ಹೊರಮೈ ಮೇಲೆ ಗೆರೆಗೆರೆ ಬರುತ್ತದೆ. ಜಾಸ್ತಿ ಒತ್ತಿದರೆ ಹಲ್ಲಿಗೆ ಅಂಟುತ್ತದೆ, ಕಡಿಮೆ ಒತ್ತಿದರೆ ಗೆರೆ ಬೀಳಲ್ಲ. ಈ ಬಾಚಣಿಗೆಯನ್ನು ಪ್ರತಿ ವರ್ಷ ಸಂತೆಯಿಂದ ಹೊಸದಾಗಿ ತರುತ್ತಿದ್ದರು, ಹಬ್ಬ ಮುಗಿದ ಮೇಲೆ ಅದು ಯಾರ ತಲೆಗೆ ಅಂತ ನಮ್ಮೊಳಗೆ ಜಗಳ.

ಕೊಕ್ಕಿಸಾಂ ದೊಡ್ಡವರ ಕೆಲಸ. ಹೂವಿನ ಆಕಾರದ ಕಬ್ಬಿಣದ ಅಚ್ಚು, ಅದಕ್ಕೆ ಉದ್ದ ಹಿಡಿ. ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡಬೇಕು. ಆಮೇಲೆ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದಿರೋ, ಹಿಟ್ಟು ಮೇಲಿಂದ ಮುಚ್ಚಿಕೊಂಡು ಅಚ್ಚನ್ನು ಬಿಡೋದೇ ಇಲ್ಲ. ಸರಿಯಾಗಿ ಅದ್ದಿ ಎಣ್ಣೆಗೆ ಇಳಿಸಿ ಒಂದು ಸಣ್ಣ ಅಲುಗಾಟ ಕೊಟ್ಟರೆ ಹೂವು ತಾನೇ ಕಳಚಿ ತೇಲುತ್ತದೆ. ವೊಡ್ಲಿಮಾಯ್ ಆ ಅಲುಗಾಟವನ್ನು ನನಗೆ ಮಾತಲ್ಲಿ ಹೇಳಿಕೊಡಲಿಲ್ಲ. ನನ್ನ ಕೈ ಮೇಲೆ ಅವರ ಕೈ ಇಟ್ಟು ಅಲುಗಾಡಿಸಿದರು. ಅವರ ಅಚ್ಚು ಈಗ ನನ್ನ ಹತ್ತಿರ ಇದೆ.

ಇಷ್ಟೆಲ್ಲ ಮಾಡಿ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿಬಿಡುತ್ತಿದ್ದರು. 24ರ ರಾತ್ರಿಯವರೆಗೆ ಮುಟ್ಟುವ ಹಾಗಿಲ್ಲ. ಯಾಕಂದ್ರೆ ಕುಸ್ವಾರ್ ಮೊದಲು ಹೋಗಬೇಕಾದದ್ದು ನೆರೆಮನೆಗೆ. ಗೋವಾದಲ್ಲೂ ಹಾಗೇ, ಅಲ್ಲಿ ಹೀಗೆ ಹಂಚುವುದಕ್ಕೆ ಕೊನ್ಸುವಾದ ಅಂತಾರೆ. ನಮ್ಮೂರಲ್ಲಿ ಗದ್ದೆಯಾಚೆಯ ಮನೆಯ ಅಕ್ಕ ಅಷ್ಟಮಿಯ ಮರುದಿನ ಉಂಡೆ, ಚಕ್ಲಿ ಹಿಡಿದುಕೊಂಡು ಬಂದು ಅಂಗಳದಿಂದಲೇ "ಬಾಯಮ್ಮಾ, ಉಲ್ಲರಾ?" (ಇದ್ದೀರಾ?) ಅಂತ ತುಳುವಿನಲ್ಲಿ ಕರೆಯುತ್ತಿದ್ದರು. ಅವರ ಪಾತ್ರೆ ನಮ್ಮಿಂದ ಖಾಲಿ ವಾಪಸ್ ಹೋದದ್ದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಡಿಸೆಂಬರ್‌ನಲ್ಲಿ ನಮ್ಮ ತಟ್ಟೆ ಅಲ್ಲಿಗೆ. ಅದು ಮಲ್ಲಿಗೆ ಇಟ್ಟುಕೊಂಡು ಬರುತ್ತಿತ್ತು. ಅವರ ಚಕ್ಲಿಯೂ ನಮ್ಮ ಚಕ್ಲಿಯೂ ಬಾಯಿಗೆ ಒಂದೇ ರುಚಿ, ಯಾಕಂದ್ರೆ ಅಚ್ಚು ಎರಡು ಮನೆಗೆ ಒಂದೇ ಇತ್ತು. ಅಷ್ಟಮಿಗೆ ಅಲ್ಲಿ, ಕ್ರಿಸ್ಮಸ್‌ಗೆ ಇಲ್ಲಿ.

ಕೇಕ್ ಇರಲಿಲ್ಲವಾ ಅಂದ್ರೆ, ಇತ್ತು. ಆಮೇಲೆ ಬಂತು. ಅದರ ಬಗ್ಗೆ ಹೇಳೋಕೆ ನನಗೆ ಜಾಸ್ತಿ ಏನಿಲ್ಲ.

ಗೋದಲಿ ಬಗ್ಗೆ ಹೇಳಲೇಬೇಕು. ಏಸುವಿನ ಹುಟ್ಟಿನ ಬೊಂಬೆಗಳನ್ನಿಡುವ ಕೊಟ್ಟಿಗೆ. ಗೋದಲಿಯ ಗದ್ದೆಗೆ ಅಂತ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲೇ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ, ಭತ್ತ ಬಿತ್ತುತ್ತಿದ್ದೆವು. ಗುಡ್ಡಕ್ಕೆ ಕೆಸರು ನೀರಲ್ಲಿ ಅದ್ದಿದ ಗೋಣಿ. ಹುಲ್ಲುಗಾವಲಿಗೆ ಮುರಕಲ್ಲಿನ ಗೋಡೆಯಿಂದ ಕೆರೆದು ತಂದ ಪಾಚಿ. ನಕ್ಷತ್ರ ಕೊಳ್ಳುತ್ತಿರಲಿಲ್ಲ. ಬಿದಿರು ಸೀಳಿ ಕಟ್ಟಿ, ಬಣ್ಣದ ಕಾಗದಕ್ಕೆ ಮೈದಾ ಅಂಟು ಹಚ್ಚಿ ಅಂಟಿಸಿ, ಹಲಸಿನ ಮರಕ್ಕೆ ಏರಿಸುತ್ತಿದ್ದೆವು. ಬಾಲಯೇಸುವಿನ ಜಾಗ ಮಾತ್ರ 24ರ ರಾತ್ರಿಯವರೆಗೆ ಖಾಲಿ.

ಇನ್ನು ಹಾಡು.

ನನ್ನ ಬಾಪ್ಪು, ಅಪ್ಪನ ತಮ್ಮ, ಕುವೈತ್‌ನಲ್ಲಿದ್ದರು. ನಮ್ಮ ಕಡೆ ಆ ಕಾಲದಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿ ಇರುತ್ತಿದ್ದರು ಅಂದರೂ ತಪ್ಪಿಲ್ಲ. ಅವರು ಒಂದು ಸಲ ತಂದ ಟೇಪ್ ರೆಕಾರ್ಡರ್ ಜೊತೆ ಜಿಮ್ ರೀವ್ಸ್ ಕ್ಯಾಸೆಟ್ ಬಂತು. 1963ರ ಕ್ರಿಸ್ಮಸ್ ಹಾಡುಗಳು. ಅಮೆರಿಕದ ಆ ಗಾಯಕ 1964ರಲ್ಲೇ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು, ಆದರೆ ನಮ್ಮೂರಿನ ಮನೆಗಳಲ್ಲಿ ಪ್ರತಿ ಡಿಸೆಂಬರ್ ಅವರದೇ ದನಿ. ಅವಸರವಿಲ್ಲದ, ಕಿವಿಯ ಹತ್ತಿರ ಕೂತು ಹೇಳಿದ ಹಾಗಿನ ದನಿ. ಹಾಡಿನ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಕಿಡ್ಯೊ ಸುತ್ತುವಾಗ ಆ ಕ್ಯಾಸೆಟ್ ಹಾಕಿ, ಒಂದು ಬದಿ ಮುಗಿದರೆ ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ತಿರುಗಿಸಿ ಹಾಕಬೇಕಿತ್ತು. ಅದರ ಗುಂಡಿಗಳ ಮೇಲೆ ಯಾವಾಗಲೂ ಮೈದಾ. ಆಮೇಲೆ 'ಕೊಂಕಣ್ ಕೋಗುಳ್' ಅಂತಲೇ ಹೆಸರಾದ ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳು. ಅದು ಬಂದರೆ ವೊಡ್ಲಿಮಾಯ್ ಕೂಡ ಕೆಲಸ ನಿಲ್ಲಿಸಿ ಜೊತೆಗೆ ಹಾಡುತ್ತಿದ್ದರು.

'ಸೈಲೆಂಟ್ ನೈಟ್' ನನಗೆ ಗೊತ್ತಿದ್ದದ್ದು ಕೊಂಕಣಿ ಹಾಡಾಗಿ. ಚರ್ಚ್‌ನಲ್ಲಿ ಕೊಂಕಣಿ ಮಾತಲ್ಲೇ ಹಾಡುತ್ತಿದ್ದೆವು, ಅದು ನಮ್ಮೂರಲ್ಲೇ ಹುಟ್ಟಿದ್ದು ಅಂತ ನಾನು ನಂಬಿದ್ದೆ. 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಅನ್ನುವ ಪುಟ್ಟ ಊರಲ್ಲಿ ಒಬ್ಬ ಪಾದ್ರಿ ಮತ್ತು ಒಬ್ಬ ಶಾಲಾ ಮೇಷ್ಟ್ರು ಗಿಟಾರ್ ಹಿಡಿದು ಮೊದಲ ಸಲ ಅದನ್ನು ಹಾಡಿದರು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ಗಿಟಾರ್ ಅಂತ ಓದಿದಾಗ ಖುಷಿಯಾಯ್ತು. ನಮ್ಮಲ್ಲೂ ಗಿಟಾರೇ. ನಮ್ಮ ವಾಡ್ಯದ, ಅಂದರೆ ಚರ್ಚ್ ವಾರ್ಡಿನ, ಹುಡುಗರು ಮನೆಮನೆಗೆ ಕ್ಯಾರಲ್ಸ್ ಹಾಡೋಕೆ ಬರುವಾಗ ಮುಂದೆ ಗ್ಯಾಸ್‌ಲೈಟ್ ಹೊತ್ತವರು, ನಡುವೆ ಗಿಟಾರ್, ಹಿಂದೆ ಹತ್ತಿಯ ಗಡ್ಡದ ಸಾಂತಾಕ್ಲಾಸ್. ಗದ್ದೆಯಾಚೆಯ ಮನೆಗೂ ಹೋಗಿ ಹಾಡುತ್ತಿದ್ದರು, ಅಲ್ಲಿ ಬೆಲ್ಲ ನೀರು ಕೊಡುತ್ತಿದ್ದರು.

1990 ನನಗೆ ಮರೆಯೋಕೆ ಆಗಲ್ಲ. ಆಗಸ್ಟ್ 2ಕ್ಕೆ ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. ಮುಂದೆ ಏರ್ ಇಂಡಿಯಾ ವಿಮಾನಗಳು 1 ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಬೊಂಬಾಯಿಗೆ ಕರೆತಂದವು. ಬಾಪ್ಪು ಅವರಲ್ಲಿ ಒಬ್ಬರು. ಎರಡು ತಿಂಗಳು ಸುದ್ದಿ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಬೊಂಬಾಯಿ ಬಸ್ಸಿನಿಂದ ಒಂದು ಕೈಚೀಲ ಹಿಡಿದು ಇಳಿದರು, ಬೇರೆ ಏನೂ ಇಲ್ಲ. ಆ ಸಲ ಯಾರಿಗೂ ಹೊಸ ಬಟ್ಟೆ ಇಲ್ಲ. ಆದರೆ ವೊಡ್ಲಿಮಾಯ್ ಕುಸ್ವಾರ್‌ಗೆ ಅಕ್ಕಿ ನೆನೆಸುವಾಗ ಪ್ರತಿ ವರ್ಷಕ್ಕಿಂತ ಎರಡು ಸೇರು ಜಾಸ್ತಿ ಹಾಕಿದರು. ಆರು ವರ್ಷದಿಂದ ಬಾಪ್ಪು ಕ್ರಿಸ್ಮಸ್‌ಗೆ ಮನೆಯಲ್ಲಿ ಇರಲಿಲ್ಲ, ಈಗ ಇದ್ದಾರೆ, ಅಷ್ಟು ಸಾಕಾಗಿತ್ತು ಅವರಿಗೆ.

ಆ ಕ್ರಿಸ್ಮಸ್ ಹಿಂದಿನ ರಾತ್ರಿ ತೆಂಗಿನ ಮಡಲಿನ ತೂಟೆ, ಅಂದರೆ ಪಂಜು, ಹಚ್ಚಿಕೊಂಡು ಕೊಯ್ಲು ಆದ ಗದ್ದೆಯ ಬದುವಿನ ಮೇಲೆ ಎಲ್ಲರೂ ಸಾಲಾಗಿ ಚರ್ಚ್‌ಗೆ ನಡೆದೆವು. ಮಂಜು ಬಿದ್ದು ಕಾಲಿಗೆ ಹುಲ್ಲು ತಣ್ಣಗೆ ತಾಗುತ್ತಿತ್ತು. ಮುಂದೆ ಬಾಪ್ಪು. ಅರ್ಧ ದಾರಿಯಲ್ಲಿ ಅವರು ಆ ಕೊಂಕಣಿ 'ಸೈಲೆಂಟ್ ನೈಟ್' ಹಾಡೋಕೆ ಶುರು ಮಾಡಿದರು. ಅವರಿಗೆ ಒಳ್ಳೇ ಗಂಟಲು. ಎರಡನೇ ಸಾಲಿಗೆ ನಿಂತುಹೋಯ್ತು. ಹಿಂದಿನಿಂದ ವೊಡ್ಲಿಮಾಯ್ ಅದನ್ನು ಎತ್ತಿಕೊಂಡರು, ಆಮೇಲೆ ನಾವೆಲ್ಲ. ನಿಮಗೆ ಯಾವ ಕ್ರಿಸ್ಮಸ್ ಹಾಡು ಇಷ್ಟ ಅಂತ ಕೇಳಿದರೆ ನನಗೆ ನೆನಪಾಗೋದು ಆ ಗದ್ದೆಯ ಹಾಡು. ಬೇರೆ ಯಾವ ರೆಕಾರ್ಡೂ ಅಲ್ಲ.

ಪೂಜೆ ಮುಗಿಸಿ ಬಂದು ಬಾಲಯೇಸುವನ್ನು ಗೋದಲಿಯಲ್ಲಿಟ್ಟ ಮೇಲೇ ಡಬ್ಬಿ ತೆರೆಯುತ್ತಿದ್ದದ್ದು. ಬೆಳಿಗ್ಗೆ ಸನ್ನಾಂ, ಅಂದರೆ ಇಡ್ಲಿಯಂಥ ಅಕ್ಕಿ ತಿಂಡಿ, ಜೊತೆಗೆ ಹಂದಿ ಮಾಂಸದ ಮಸಾಲೆ ಸಾರು, ಬಫಾತ್. ಸನ್ನಾಂ ಉಬ್ಬೋಕೆ ಮರದಿಂದ ಕಳ್ಳು ಇಳಿಸುವ ಮೂರ್ತೆಯವರು ತಂದುಕೊಡುವ ಕಳ್ಳು ಬೇಕು. ನಾನು ಇಲ್ಲಿ ಯೀಸ್ಟ್ ಹಾಕುತ್ತೇನೆ, ಉಬ್ಬುತ್ತದೆ, ಆದರೆ ಆ ಹುಳಿಸಿಹಿ ವಾಸನೆ ಬರಲ್ಲ.

ಎದುರುಮನೆಯವರಿಗೆ ಇಷ್ಟನ್ನೂ ಹೇಳಿದೆ. ಅವರ ಮಗಳಿಗೆ ಎಂಟು ವರ್ಷ. ಕಿಡ್ಯೊ ಅಂದ್ರೆ ಹುಳು ಅಂತ ಕೇಳಿದ ಮೇಲೆ ಅವಳು ಬಿಡುತ್ತಿಲ್ಲ, ಈ ಭಾನುವಾರ ಮಾಡೋಕೆ ಬರುತ್ತಾಳಂತೆ. ಎರಡು ಹೊಸ ಬಾಚಣಿಗೆ ತಂದಿಟ್ಟಿದ್ದೇನೆ. ಅವರಮ್ಮ ತಮ್ಮ ಮನೆಯ ಚಕ್ಲಿ ಒರಳು ಕೊಡುತ್ತೇನೆ ಅಂದಿದ್ದಾರೆ, ನನ್ನದರ ಹಿಡಿ ಮುರಿದಿದೆ.